ಹೊಸ ಬಜೆಟ್ಟಿಗೆ ಮುಂಚೆ ಹಳೇ ಲೆಕ್ಕ ಕೊಡಿ!

ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಊರಿಗೆ ಊರೇ ಬರಲಿ



ಏಪ್ರಿಲ್ ಬಂತೆಂದರೆ ಮನೆಗಂದಾಯ ಕಟ್ಟಲು ಸಾಲು ನಿಲ್ಲುತ್ತೇವೆ. ಆ ತಿಂಗಳಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಎಂದು ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿಯಲ್ಲಿ ಸಾರುತ್ತಾರೆ. ತಡವಾದರೆ ದಂಡ, ಇನ್ನೂ ತಡವಾದರೆ ನೋಟಿಸು. ಯಾರ ಮನೆಯದು ಎಷ್ಟು ಬಾಕಿ ಎಂಬುದು ಪುರಸಭೆಯ ಕಂಪ್ಯೂಟರಿನಲ್ಲಿ ಪೈಸೆಗೆ ಪೈಸೆ ಇದೆ. ಆದರೆ ನಾವು ಕಟ್ಟಿದ ದುಡ್ಡು ವರ್ಷವಿಡೀ ಎಲ್ಲೆಲ್ಲಿಗೆ ಹೋಯಿತು ಎಂಬ ಲೆಕ್ಕ ನಮ್ಮ ಬಾಗಿಲಿಗೆ ಒಂದು ಸಲವೂ ಬಂದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ನಮ್ಮೂರು ಇನ್ನೆಷ್ಟು ವರ್ಷ ನಿಜ ಮಾಡುತ್ತಾ ಹೋಗಬೇಕು?

ಈಗ ಮತ್ತೆ ಬಜೆಟ್ ಕಾಲ. ಏಪ್ರಿಲ್ 1ರಿಂದ ಶುರುವಾಗುವ ಹೊಸ ವರ್ಷದ ಆಯವ್ಯಯಕ್ಕೆ ಸಲಹೆ ಕೇಳಲು ಪುರಸಭೆ ಸಾರ್ವಜನಿಕರ ಸಭೆ ಕರೆಯುತ್ತದೆ. ಆ ಸಭೆಗೆ ನೀವೆಲ್ಲ ಬರಬೇಕು ಎಂದು ಕೈಮುಗಿದು ಕೇಳಿಕೊಳ್ಳಲು ಈ ಕರಪತ್ರ.

ಕಳೆದ ಸಲ ಏನಾಯಿತು?

ಕಳೆದ ಸಲದ ಸಭೆಗೆ ನಾವು ಕೆಲವರು ಹೋಗಿದ್ದೆವು. ಹಾಕಿದ್ದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಬಂದವರ ಕೈಗೆ ಹಿಂದಿನ ವರ್ಷದ ಖರ್ಚಿನ ಪಟ್ಟಿ ಕೊಡಲಿಲ್ಲ. ನೀರಿನ ಟ್ಯಾಂಕಿನ ಕೆಳಗಿನ ಓಣಿಯ ಅಜ್ಜಿಯೊಬ್ಬರು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಬಾಟಲಿ ನೀರು ತಂದಿದ್ದರು. ಅದನ್ನು ಮೇಜಿನ ಮೇಲೆ ಇಟ್ಟರು. ತಳದಲ್ಲಿ ಬೆರಳು ದಪ್ಪ ಕೆಸರು ಕೂತಿತ್ತು.

"ಟ್ಯಾಂಕು ತೊಳೆದು ಎಷ್ಟು ದಿನ ಆಯ್ತಪ್ಪಾ?"

"ಆಗಾಗ ತೊಳೆಸ್ತಾನೇ ಇರ್ತೀವಮ್ಮಾ."

"ಆಗಾಗ ಅಂದ್ರೆ ಯಾವಾಗ?"

ಅದಕ್ಕೆ ಉತ್ತರ ಬರಲಿಲ್ಲ. ನೀರು ಶುದ್ಧೀಕರಣಕ್ಕೆ ಇಷ್ಟು ಹಣ ಎಂದು ಬಜೆಟ್ಟಿನಲ್ಲಿ ಬರೆದಿತ್ತು. ಟ್ಯಾಂಕು ತೊಳೆದ ತಾರೀಖು ಮಾತ್ರ ಆ ಕೋಣೆಯಲ್ಲಿದ್ದ ಯಾರ ಬಳಿಯೂ ಇರಲಿಲ್ಲ. ಅಜ್ಜಿ ಬಾಟಲಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಬಂಧುಗಳೇ, ನಮ್ಮೂರಿನ ಕಾಯಿಲೆ ಅಷ್ಟರಲ್ಲೇ ಇದೆ. ಮಾಡುತ್ತೇವೆ ಎಂಬ ಮಾತಿಗೆ ಪ್ರತಿ ವರ್ಷ ಸಭೆ ಸೇರುತ್ತದೆ, ಫೋಟೋ ಬರುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಮಾಡಿದ್ದೇನು ಎಂದು ಹೇಳುವ ದಿನ ಯಾವುದೆಂದು ಊರಿಗೆ ಗೊತ್ತೇ ಇಲ್ಲ.

ನಿಮ್ಮ ಕಂದಾಯದ ಚಲನ್ ಒಮ್ಮೆ ಬಿಡಿಸಿ ನೋಡಿ

ಪೆಟ್ಟಿಗೆಯಲ್ಲಿ ಮಡಿಸಿಟ್ಟ ಚಲನ್ ಹೊರಗೆ ತೆಗೆಯಿರಿ. ಆಸ್ತಿ ತೆರಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಕೆಳಗೆ ಆರೋಗ್ಯ ಕರ ಶೇ 15, ಅಂದರೆ 150 ರೂಪಾಯಿ. ಗ್ರಂಥಾಲಯ ಕರ ಶೇ 6, ಅಂದರೆ 60 ರೂಪಾಯಿ. ಭಿಕ್ಷುಕರ ಕರ ಶೇ 3, ಅಂದರೆ 30 ರೂಪಾಯಿ. ಈ ಮೂರರಲ್ಲೇ 240 ರೂಪಾಯಿ ಹೆಚ್ಚಾಯಿತು. ಕಸದ ಶುಲ್ಕ ಬೇರೆ, ನೀರಿನ ಕಂದಾಯ ಬೇರೆ.

ಗ್ರಂಥಾಲಯ ಕರ ಪುರಸಭೆಯ ಸ್ವಂತ ದುಡ್ಡಲ್ಲ. ನಮ್ಮಿಂದ ವಸೂಲು ಮಾಡಿ ಗ್ರಂಥಾಲಯ ಇಲಾಖೆಗೆ ಕಟ್ಟಬೇಕಾದ ಹಣ ಅದು. ರಾಜ್ಯದ ಹಲವು ನಗರ ಸ್ಥಳೀಯ ಸಂಸ್ಥೆಗಳು ಅದನ್ನು ಕಟ್ಟದೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ನಮ್ಮೂರಿನ ಲೈಬ್ರರಿಯಲ್ಲಿ ಪಿಯುಸಿ ಹುಡುಗರು ಸ್ಪರ್ಧಾತ್ಮಕ ಪರೀಕ್ಷೆಯ ಹಳೇ ಪುಸ್ತಕವನ್ನು ಹಂಚಿಕೊಂಡು ಓದುತ್ತಾರೆ. ನಾವು ಕಟ್ಟಿದ ಗ್ರಂಥಾಲಯ ಕರ ಪೂರ್ತಿ ಜಮಾ ಆಗಿದೆಯೇ? ಈ ಒಂದು ಪ್ರಶ್ನೆಯನ್ನು ಈ ಸಲ ಕೇಳಲೇಬೇಕು.

ಊರಿನ ಖಜಾನೆಗೆ ದುಡ್ಡು ಎಲ್ಲಿಂದ ಬರುತ್ತದೆ?

ಹಿರಿಯರಿಗೆ ಊರ ಬಾಗಿಲಿನ ಆಕ್ಟ್ರಾಯ್ ನಾಕೆ ನೆನಪಿರಬಹುದು. ಸರಕು ಒಳಗೆ ಬಂದರೆ ಸುಂಕ. 1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್ ರದ್ದಾಯಿತು. ವ್ಯಾಪಾರಿಗಳಿಗೂ ಲಾರಿಯವರಿಗೂ ನೆಮ್ಮದಿಯಾಯಿತು, ಆದರೆ ಪುರಸಭೆಗಳ ಕೈ ಸರ್ಕಾರದ ಅನುದಾನದ ಕಡೆ ಚಾಚುವಂತಾಯಿತು. ಇವತ್ತು ಖಜಾನೆಗೆ ಮೂರು ದಾರಿಯಿಂದ ಹಣ ಬರುತ್ತದೆ.

ಒಂದು, ಸ್ವಂತ ಆದಾಯ: ಮನೆಗಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಸಂತೆ ಹರಾಜು, ಉದ್ಯಮ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ.

ಎರಡು, ರಾಜ್ಯ ಹಣಕಾಸು ಆಯೋಗದ ಅನುದಾನ. ಬೀದಿ ದೀಪ ಮತ್ತು ನೀರಿನ ಪಂಪುಗಳ ಕರೆಂಟು ಬಿಲ್ಲಿಗೂ ಇದರಲ್ಲೇ ಒಂದು ಪಾಲು. ಹಗಲು ಹೊತ್ತು ಉರಿಯುವ ಬೀದಿ ದೀಪದ ಬಿಲ್ಲನ್ನು ಕಟ್ಟುವವರು ನಾವೇ ಎಂಬುದು ನೆನಪಿರಲಿ.

ಮೂರು, ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಆಯೋಗ 2021-26ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಅದೇ ಆಯೋಗ ಇನ್ನೊಂದು ಷರತ್ತನ್ನೂ ಹಾಕಿತ್ತು: ಲೆಕ್ಕಪತ್ರವನ್ನು ಸಾರ್ವಜನಿಕರು ನೋಡುವಂತೆ ಆನ್‌ಲೈನಿನಲ್ಲಿ ಪ್ರಕಟಿಸದಿದ್ದರೆ ಅನುದಾನ ಇಲ್ಲ. ಲೆಕ್ಕ ತೋರಿಸಿ ಎಂದು ನಾವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ. ದಿಲ್ಲಿಗೆ ತೋರಿಸಿದ ಲೆಕ್ಕವನ್ನು ನಮ್ಮ ಓಣಿಗೂ ತೋರಿಸಿ, ನಮ್ಮ ಭಾಷೆಯಲ್ಲಿ ತೋರಿಸಿ ಎನ್ನುತ್ತಿದ್ದೇವೆ.

"ಉಳಿತಾಯ ಬಜೆಟ್" ಎಂದಾಗ ಚಪ್ಪಾಳೆಗೆ ಮುಂಚೆ ಒಂದು ಪ್ರಶ್ನೆ

ಪ್ರತಿ ವರ್ಷ ಓದುತ್ತೇವೆ: ಪುರಸಭೆಯಿಂದ ಇಷ್ಟು ಲಕ್ಷದ ಉಳಿತಾಯ ಬಜೆಟ್ ಮಂಡನೆ. ಬಜೆಟ್ ಪುಸ್ತಕದ ಮೊದಲ ಸಾಲು ನೋಡಿ. ಅಲ್ಲಿ "ಪ್ರಾರಂಭಿಕ ಶಿಲ್ಕು" ಎಂದಿರುತ್ತದೆ. ಹೋದ ವರ್ಷ ಖರ್ಚಾಗದೆ ಉಳಿದ ಹಣ ಅದು. ಚರಂಡಿಗೆ ಇಟ್ಟು ಚರಂಡಿ ಕಟ್ಟದ ಹಣವೂ ಅದರಲ್ಲಿರುತ್ತದೆ, ಶೌಚಾಲಯಕ್ಕೆ ಇಟ್ಟು ಬೀಗ ತೆಗೆಯದ ಹಣವೂ ಇರುತ್ತದೆ. ಮನೆಯಲ್ಲಿ ಮಗುವಿಗೆ ಔಷಧಿ ತರಲು ಇಟ್ಟ ದುಡ್ಡು ತಿಂಗಳ ಕೊನೆಗೆ ಹಾಗೇ ಡಬ್ಬಿಯಲ್ಲಿ ಸಿಕ್ಕರೆ ಯಾವ ತಾಯಿಯೂ ಅದನ್ನು ಉಳಿತಾಯ ಎನ್ನುವುದಿಲ್ಲ.

ಅದಕ್ಕೇ ಮೂರು ಕಾಗದವನ್ನು ಅಕ್ಕಪಕ್ಕ ಇಟ್ಟು ಓದಬೇಕು. ಆಯವ್ಯಯದಲ್ಲಿ ಅಂದಾಜು ಇರುತ್ತದೆ. ವಾರ್ಷಿಕ ಲೆಕ್ಕಪತ್ರದಲ್ಲಿ ನಿಜವಾಗಿ ಬಂದದ್ದು, ಹೋದದ್ದು ಇರುತ್ತದೆ. ವಾರ್ಷಿಕ ಆಡಳಿತ ವರದಿಯಲ್ಲಿ ವರ್ಷವಿಡೀ ಮಾಡಿದ ಕೆಲಸದ ವಿವರ ಇರುತ್ತದೆ. ಇದರ ಜೊತೆಗೆ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ಪರಿಶೋಧನೆ ಮಾಡಿ ಆಕ್ಷೇಪಣೆ ಬರೆದಿರುತ್ತಾರೆ. ಆ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟಿದ್ದಾರೆಯೇ, ಎಷ್ಟು ಹಾಗೇ ಉಳಿದಿವೆ ಎಂಬುದನ್ನೂ ಕೇಳಬೇಕು. ಚುನಾಯಿತ ಮಂಡಳಿ ಇದ್ದರೂ ಸರಿ, ಅವಧಿ ಮುಗಿದು ಆಡಳಿತಾಧಿಕಾರಿ ಕೂತಿದ್ದರೂ ಸರಿ, ಲೆಕ್ಕ ಒಪ್ಪಿಸುವ ಹೊಣೆ ತಪ್ಪುವುದಿಲ್ಲ.

ಇದು ಬಡವರ ಪಾಲಿನ ಪ್ರಶ್ನೆಯೂ ಹೌದು

ಪುರಸಭೆಯ ಹಣದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಏಳಿಗೆಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಮೀಸಲಿಡಬೇಕು. ಓದುವ ಮಕ್ಕಳ ಶುಲ್ಕ, ಚಿಕಿತ್ಸೆಯ ನೆರವು, ಹೊಲಿಗೆ ಯಂತ್ರ, ತ್ರಿಚಕ್ರ ವಾಹನ ಇಂಥವುಗಳಿಗೆ ಈ ಹಣ. ಅರ್ಜಿ ಕರೆದ ಜಾಹೀರಾತು ಯಾವುದೋ ಪತ್ರಿಕೆಯ ಮೂಲೆಯಲ್ಲಿ ಬಂದು ಹೋಗುತ್ತದೆ. ಕಾಲೋನಿಯ ಹುಡುಗಿಗೆ ಗೊತ್ತಾಗುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತದೆ. ಖರ್ಚಾಗದೆ ಉಳಿದ ಹಣ ಮತ್ತೆ ಶಿಲ್ಕಿಗೆ ಸೇರಿ "ಉಳಿತಾಯ" ಎನಿಸಿಕೊಳ್ಳುತ್ತದೆ.

ನಸುಕಿನ ಐದಕ್ಕೇ ಎದ್ದು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಲೆಕ್ಕವನ್ನೂ ಕೇಳೋಣ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರ ಹಾಕಿಕೊಂಡ ಅಳತೆ. 35,000 ಜನಸಂಖ್ಯೆಯ ಊರಿಗೆ 50 ಜನ ಬೇಕು. ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ, ಸಂಬಳ ತಿಂಗಳ ಯಾವ ತಾರೀಖಿಗೆ ಸಿಗುತ್ತದೆ, ಕೈಗವಸು, ಬೂಟು ವರ್ಷಕ್ಕೆ ಎಷ್ಟು ಸಲ ಕೊಟ್ಟರು? ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಶಾಲು ಹೊದಿಸಿದವರು ಉಳಿದ ದಿನಗಳ ಲೆಕ್ಕವನ್ನೂ ಹೇಳಲಿ.

ನಮ್ಮ ಮೇಲೂ ಹೊಣೆ ಇದೆ

ಕೇಳುವ ಬಾಯಿಗೆ ಬಲ ಬರುವುದು ಕಟ್ಟುವ ಕೈಯಿಂದ. ಕಂದಾಯ ಬಾಕಿ ಇಟ್ಟವರು ಮೊದಲು ಕಟ್ಟೋಣ. ಅನಧಿಕೃತ ನಲ್ಲಿ ಹಾಕಿಸಿಕೊಂಡವರು ಸಕ್ರಮ ಮಾಡಿಸಿಕೊಳ್ಳೋಣ. ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಹಾಕೋಣ. ಘನತ್ಯಾಜ್ಯ ನಿಯಮಗಳೂ ಅದನ್ನೇ ಹೇಳುತ್ತವೆ. ಗೋವಾ ಗಡಿಯ ಆಚೆ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ವೆಂಗುರ್ಲಾ ನಮಗಿಂತ ಚಿಕ್ಕ ಊರು. ಅಲ್ಲಿನ ಜನ ಮನೆಯಲ್ಲೇ ಕಸ ಬೇರ್ಪಡಿಸಿಕೊಟ್ಟರು, ಪುರಸಭೆ ಅದರಿಂದ ಗ್ಯಾಸು, ಗೊಬ್ಬರ ಮಾಡಿತು. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಕಸದ ಜಾಗವನ್ನು ಈಗ ದೂರದ ಊರುಗಳವರು ನೋಡಿ ಕಲಿಯಲು ಹೋಗುತ್ತಾರೆ. ಜನ ಮತ್ತು ಪುರಸಭೆ ಎರಡೂ ಕಡೆ ಕೈ ಸೇರಿದ್ದರಿಂದ ಅದು ಆಯಿತು.

ಕೇಳಿದವರಿಗೆ ಸಿಕ್ಕಿದೆ

1996ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಬ್ಯಾವರ್ ಎಂಬ ಪಟ್ಟಣದ ಚಾಂಗ್ ಗೇಟಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು, ರೈತರು ಧರಣಿ ಕೂತರು. ನಮ್ಮ ಹೆಸರಿನಲ್ಲಿ ಖರ್ಚಾದ ಹಣದ ಬಿಲ್ಲು, ವೋಚರು ನಮಗೆ ತೋರಿಸಿ ಎಂಬುದಷ್ಟೇ ಅವರ ಬೇಡಿಕೆ. 40 ದಿನ ಕದಲಲಿಲ್ಲ. ಪೇಟೆಯ ಜನ ತರಕಾರಿ, ಕಾಳು, ಚಿಲ್ಲರೆ ಕಾಸು ತಂದುಕೊಟ್ಟರು. "ನಮ್ಮ ದುಡ್ಡು, ನಮ್ಮ ಲೆಕ್ಕ" ಎಂಬ ಅವರ ಕೂಗು ದೇಶ ಸುತ್ತಿ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆಯಾಯಿತು. ನಮ್ಮದೇ ಬೆಂಗಳೂರಿನಲ್ಲಿ 2002ರಲ್ಲಿ ನಾಗರಿಕ ಸಂಸ್ಥೆಗಳು "ಪ್ರೂಫ್" ಅಭಿಯಾನ ನಡೆಸಿ, ಮಹಾನಗರ ಪಾಲಿಕೆಯ ಮೂರು ತಿಂಗಳ ಲೆಕ್ಕವನ್ನು ಜನರ ಮುಂದೆ ಇಟ್ಟು ಚರ್ಚೆ ಮಾಡಿಸಿದವು. ಅಷ್ಟು ದೊಡ್ಡ ನಗರದಲ್ಲಿ ಆದದ್ದು, ಎಲ್ಲರೂ ಎಲ್ಲರ ಮುಖ ಬಲ್ಲ ನಮ್ಮೂರಲ್ಲಿ ಯಾಕೆ ಆಗಬಾರದು?

ನಮ್ಮ ಹಕ್ಕೊತ್ತಾಯಗಳು

1. ಹೊಸ ಬಜೆಟ್ ಮಂಡನೆಗೆ ಮುಂಚೆ ಹಳೇ ವರ್ಷದ ಲೆಕ್ಕಪತ್ರ ಮತ್ತು ಆಡಳಿತ ವರದಿಯನ್ನು ಸಾರ್ವಜನಿಕ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.
2. ಒಂದೇ ಹಾಳೆಯಲ್ಲಿ ಅಂದಾಜು ಎಷ್ಟು, ಖರ್ಚಾದದ್ದು ಎಷ್ಟು, ಉಳಿದದ್ದು ಎಷ್ಟು, ಯಾಕೆ ಉಳಿಯಿತು ಎಂದು ಬರೆದು ಪ್ರತಿ ವಾರ್ಡಿನ ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದಲ್ಲಿ ಅಂಟಿಸಬೇಕು.
3. ಪ್ರತಿ ಕಾಮಗಾರಿಯ ಜಾಗದಲ್ಲಿ ಎಸ್ಟಿಮೇಟ್ ಮೊತ್ತ, ಗುತ್ತಿಗೆದಾರರ ಹೆಸರು, ಮುಗಿಯುವ ದಿನ ಬರೆದ ಫಲಕ ಇರಬೇಕು.
4. ನೀರಿನ ಟ್ಯಾಂಕು ತೊಳೆದ ತಾರೀಖನ್ನು ಟ್ಯಾಂಕಿನ ಕಂಬದ ಮೇಲೆಯೇ ಬಣ್ಣದಲ್ಲಿ ಬರೆಸಬೇಕು.
5. ಗ್ರಂಥಾಲಯ ಕರ, ಭಿಕ್ಷುಕರ ಕರ ವಸೂಲಾದದ್ದು ಎಷ್ಟು, ಜಮಾ ಆದದ್ದು ಎಷ್ಟು ಎಂದು ಪ್ರಕಟಿಸಬೇಕು.
6. ಶೇ 24.10, ಶೇ 7.25 ಮತ್ತು ಶೇ 5ರ ಯೋಜನೆಗಳ ಫಲಾನುಭವಿಗಳ ಆಯ್ಕೆ ವಾರ್ಡಿನ ಜನರ ಮುಂದೆ ಆಗಬೇಕು.
7. ಮಳಿಗೆ ಬಾಡಿಗೆ, ತೆರಿಗೆಯ ದೊಡ್ಡ ಬಾಕಿದಾರರಿಂದ ಮೊದಲು ವಸೂಲಿ ಆಗಬೇಕು.

ನೀವು ಮಾಡಬೇಕಾದದ್ದು

ನಿಮ್ಮ ಓಣಿಯ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಒಡೆದ ಚರಂಡಿ ಆಗಬಹುದು, ಉರಿಯದ ದೀಪ ಆಗಬಹುದು. ಅದಕ್ಕೆ ಹೋದ ವರ್ಷ ಹಣ ಇಟ್ಟಿದ್ದರೇ ಎಂದು ಸಭೆಯಲ್ಲಿ ಎದ್ದು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ಹೀಗೆ ಬರೆದರೆ ಸಾಕು: "ನಮ್ಮ ವಾರ್ಡಿನಲ್ಲಿ ಕಳೆದ ಆರ್ಥಿಕ ವರ್ಷದಲ್ಲಿ ಕೈಗೊಂಡ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಅಂದಾಜು ಮೊತ್ತ, ಪಾವತಿಸಿದ ಮೊತ್ತ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಇದೆ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ನಾವಿದ್ದೇವೆ.

ಬರುವ ಭಾನುವಾರ ಸಂಜೆ 5 ಗಂಟೆಗೆ ಸಂತೆ ಮೈದಾನದ ಅರಳಿಕಟ್ಟೆಯ ಹತ್ತಿರ ಸೇರೋಣ. ಚಲನ್ ತನ್ನಿ. ಚಲನ್ ಕಳೆದುಹೋಗಿದ್ದರೆ ಬರೀ ಕೈಯಲ್ಲೇ ಬನ್ನಿ. ಬಾಡಿಗೆ ಮನೆಯವರೂ ಬನ್ನಿ, ನಿಮ್ಮ ಬಾಡಿಗೆಯಲ್ಲಿ ಮನೆಗಂದಾಯ ಸೇರಿದೆ. ವಾರ್ಡುವಾರು ಪ್ರಶ್ನೆ ಬರೆದುಕೊಂಡು, ಬಜೆಟ್ ಸಭೆಯ ದಿನ ಒಟ್ಟಿಗೆ ಪುರಸಭೆಯ ಮೆಟ್ಟಿಲು ಹತ್ತೋಣ. ಗಲಾಟೆ ಬೇಡ, ಧಿಕ್ಕಾರ ಬೇಡ. ಅಧ್ಯಕ್ಷರು, ಸದಸ್ಯರು, ಮುಖ್ಯಾಧಿಕಾರಿಗಳು, ನೌಕರರು ಎಲ್ಲರೂ ನಮ್ಮವರೇ. ಅಣ್ಣ-ತಮ್ಮಂದಿರು ಪಾಲಿನ ಲೆಕ್ಕ ಕೇಳುವ ಹಾಗೆ, ಮರ್ಯಾದೆಯಿಂದ, ಉತ್ತರ ಸಿಗುವ ತನಕ ಕೇಳೋಣ.

ಕಳೆದ ಸಲ ಬಾಟಲಿ ಬಿಟ್ಟು ಎದ್ದು ಹೋದ ಆ ಅಜ್ಜಿ ಈ ಸಲವೂ ಬರುತ್ತೇನೆ ಎಂದಿದ್ದಾರೆ. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿ ಇರಬಾರದು.

ನಮ್ಮ ದುಡ್ಡು! ನಮ್ಮ ಊರು! ನಮಗೆ ಲೆಕ್ಕ!

ಇಂತಿ ನಿಮ್ಮವರೇ ಆದ,
ಊರಿನ ತೆರಿಗೆದಾರರು

(ಓದಿದ ಮೇಲೆ ಬಿಸಾಡಬೇಡಿ. ಪಕ್ಕದ ಮನೆಗೆ ಕೊಡಿ.)