ಒಸಾಕಾ ಸುತ್ತಾಟ, ಕಂತು 5: ಹಳಿಯ ಆಚೆ ಬದಿ

ಸ್ವೈಪ್ ಮಾಡೋ ಮುಂಚೆ ಒಂದು ಮಾತು. ಶಿನ್‌ಸೆಕಾಯ್‌ನಲ್ಲಿ ತ್ಸೂತೆನ್‌ಕಾಕು ಗೋಪುರದ ಕೆಳಗೆ ಸೆಲ್ಫಿ ತೆಗೆದು, ಕುಶಿಕಾತ್ಸು ತಿಂದು, "ಇಲ್ಲಿಂದ ದಕ್ಷಿಣಕ್ಕೆ ಮಾತ್ರ ಹೋಗ್ಬೇಡಿ, ಡೇಂಜರ್" ಅಂತ ರೀಲ್ ಹಾಕ್ತೀರಲ್ಲ, ಆ ದಕ್ಷಿಣದಲ್ಲಿ ಯಾರಿದ್ದಾರೆ ಅಂತ ಗೊತ್ತಾ?

ಶಿನ್-ಇಮಾಮಿಯಾ ಸ್ಟೇಷನ್ನಿನ ಹಳಿ ದಾಟಿದರೆ ಕಾಮಗಸಾಕಿ. 1961ರಲ್ಲಿ ಇಲ್ಲಿ ದೊಡ್ಡ ಗಲಭೆ ಆಯಿತು. 1966ರಲ್ಲಿ ಆಡಳಿತದವರು ಜಾಗಕ್ಕೆ 'ಐರಿನ್' ಅಂತ ಹೊಸ ಹೆಸರಿಟ್ಟರು. ಹೆಸರು ಬದಲಾಯ್ತು, ಕೂಲಿ ಅದೇ.

1970ರ ಎಕ್ಸ್‌ಪೋ ಕಟ್ಟೋಕೆ ಒಸಾಕಾಗೆ ಕೈಗಳು ಬೇಕಿತ್ತು. ಊರೂರಿಂದ ಗಂಡಸರು ಒಂಟಿಯಾಗಿ ಬಂದರು. ನಸುಕಲ್ಲಿ ವ್ಯಾನ್ ಹತ್ತಿ ಹೋಗೋದು, ದಿನಗೂಲಿ ಈಸ್ಕೊಳ್ಳೋದು, ರಾತ್ರಿ 'ದೋಯಾ'ದಲ್ಲಿ ಮಲಗೋದು. ತಂಗುಮನೆಗೆ ಜಪಾನಿಯಲ್ಲಿ 'ಯಾದೋ' ಅಂತಾರೆ. ಇದೂ ಒಂದು ಮನೆಯಾ ಅಂತ ಗೇಲಿ ಮಾಡಿ ಅದನ್ನೇ ತಿರುಗಿಸಿದ ಪದ 'ದೋಯಾ'. ಎರಡು-ಮೂರು ಚಾಪೆಯಗಲದ ಕೋಣೆ, ಅಷ್ಟೇ. ಕಟ್ಟಡದ ಕೆಲಸ ಬತ್ತಿತು, ಇವರು ಇಲ್ಲೇ ಮುದುಕರಾದರು. ಕೂಲಿ ಹುಡುಕಿ ಬಂದು ಸೇರ್ತಿದ್ದ ಲೇಬರ್ ಸೆಂಟರ್ ಕಟ್ಟಡ 2019ರಲ್ಲಿ ಮುಚ್ಚಿತು. ಎಷ್ಟೋ ದೋಯಾಗಳು ಈಗ ಪ್ರವಾಸಿಗರ ಅಗ್ಗದ ಹೋಟೆಲ್. ನೀವು 'ಚೀಪ್ ಅಂಡ್ ಬೆಸ್ಟ್' ಅಂತ ಬುಕ್ ಮಾಡಿದ್ದೂ ಅಂಥದ್ದೇ ಇರಬಹುದು, ನೋಡ್ಕೊಳ್ಳಿ.

ಇನ್ನು ಡೇಂಜರ್ ಯಾವುದು ಸ್ವಾಮಿ? ಸೈಕಲ್ ತುಂಬ ಖಾಲಿ ಕ್ಯಾನ್ ಹೇರ್ಕೊಂಡು ಹೋಗೋ ಅಜ್ಜನಾ?

ಹೋಗಿ, ಖಂಡಿತ ಹೋಗಿ. ಫೋನು ಜೇಬಲ್ಲಿರಲಿ. ತ್ರಿಕೋನ ಪಾರ್ಕಿನಲ್ಲಿ ಊಟದ ಸಾಲಿಗೆ ನಿಂತವರನ್ನ ಜೂಮ್ ಮಾಡೋ ಹಕ್ಕು ನಿಮಗೆ ಯಾರೂ ಕೊಟ್ಟಿಲ್ಲ. ಈ ಹತ್ತು ಫೋಟೋದಲ್ಲಿ ಬರೀ ಗೋಡೆ, ಸೈಕಲ್ಲು, ವೆಂಡಿಂಗ್ ಮೆಷಿನ್ನು ಇರೋದು ಅದಕ್ಕೇ.

ನಾಳೆ ತೆನ್ನೋಜಿ.