ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ

ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದನ್ನು ನಿರ್ಮಿಸಿದ ಮೈಕ್ರೋಸಾಫ್ಟ್ ಸಂಸ್ಥೆಯವರು ಕೊಡುತ್ತಿದ್ದ ಸಾಮಾನ್ಯ ಪೋಷಣೆಯು ೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿಗೆ ಮುಗಿದುಹೋದ ಸಂಗತಿ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಅಂದಿನಿಂದೀಚೆಗೆ ನಮ್ಮನ್ನು ಕಂಡವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಮನೆಯಲ್ಲಿರುವ ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಇದನ್ನು ಮೂಲೆಗೆ ಸೇರಿಸಿ ಹೊಸದನ್ನು ಕೊಳ್ಳಲೇಬೇಕೆ? ಇಲ್ಲವೆ, ಬೇರೊಂದು ವ್ಯವಸ್ಥೆಯನ್ನು ಇದಕ್ಕೆ ಹಾಕಿಸಿ ಇನ್ನು ಕೆಲವು ವರ್ಷ ದುಡಿಸಬಹುದೆ?" ಈ ತಿಂಗಳು ಆ ಪ್ರಶ್ನೆಯನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಯಾವ ವ್ಯವಸ್ಥೆ ಶ್ರೇಷ್ಠವೆಂಬ ವಾದಕ್ಕೆ ನಾವು ಇಳಿಯತಕ್ಕವರಲ್ಲ. ಆ ವಾದ ಮುಗಿಯುವಂಥದೂ ಅಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಗೃಹಸ್ಥನು ಮೊದಲು ಯಾವುದನ್ನು ಕಾಪಾಡಿಕೊಳ್ಳಬೇಕೆಂಬುದನ್ನು ಹೇಳುವುದೇ ನಮ್ಮ ಉದ್ದೇಶ.

ಗಣಕಯಂತ್ರವನ್ನು ಪ್ರತಿದಿನವೂ ಬಳಸುವವರಲ್ಲಿಯೂ ಕೆಲವರಿಗೆ ಈ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಏನೆಂಬುದು ಸ್ಪಷ್ಟವಾಗಿರುವುದಿಲ್ಲ. ಯಂತ್ರದ ಗುಂಡಿಯನ್ನೊತ್ತಿದೊಡನೆ ಎಚ್ಚತ್ತು, ಕೀಲಿಮಣೆ, ಪರದೆ, ಹಾರ್ಡ್ ಡಿಸ್ಕ್, ಪ್ರಿಂಟರ್ ಮೊದಲಾದುವನ್ನೆಲ್ಲ ತನ್ನ ಹತೋಟಿಯಲ್ಲಿರಿಸಿಕೊಂಡು, ಪತ್ರ ಬರೆಯುವ, ಲೆಕ್ಕವಿಡುವ, ಚಿತ್ರ ತೋರಿಸುವ ಇತರ ತಂತ್ರಾಂಶಗಳಿಗೆ ಅವುಗಳ ಉಪಯೋಗವನ್ನು ಹಂಚಿಕೊಡುವ ಮೂಲ ತಂತ್ರಾಂಶವೇ ಅದು. ಉಗ್ರಾಣದ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡ ಮನೆಯ ಯಜಮಾನಿತಿಯ ಸ್ಥಾನ ಅದರದು. ಮೇಜಿನ ಮೇಲಣ ಗಣಕಗಳಿಗೆ ಇಂದು ವಿಂಡೋಸ್, ಆಪಲ್ ಸಂಸ್ಥೆಯ ಮ್ಯಾಕ್ ಓಎಸ್, ಲಿನಕ್ಸ್ ಎಂಬ ಮೂರು ಮುಖ್ಯ ವ್ಯವಸ್ಥೆಗಳುಂಟು.

ಪೋಷಣೆ ನಿಂತಿತೆಂದರೆ ಯಂತ್ರವೇ ನಿಂತಿತೆಂದು ಅರ್ಥವಲ್ಲ. ನಿನ್ನೆಯಂತೆ ಇಂದೂ ಅದು ಓಡುವುದು. ಆದರೆ ಇಂಥ ದೊಡ್ಡ ತಂತ್ರಾಂಶಗಳಲ್ಲಿ ಕಳ್ಳರು ನುಗ್ಗಬಹುದಾದ ಸಂದುಗಳು ಆಗಾಗ್ಗೆ ಬೆಳಕಿಗೆ ಬರುತ್ತಲೇ ಇರುವುವು. ಅವನ್ನು ಮುಚ್ಚುವ ಕೆಲಸ ನಿಂತ ಮೇಲೆ ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಜಾಣತನವಲ್ಲ. ಮನೆಗಳ ಗಣಕಗಳಿಗಾಗಿ ೨೦೨೬ರ ಅಕ್ಟೋಬರ್ ೧೩ರವರೆಗೆ ಒಂದು ವರ್ಷದ ಹೆಚ್ಚಿನ ಅವಧಿಯನ್ನು ಸಂಸ್ಥೆಯವರು ಗೊತ್ತುಮಾಡಿದರು. ಹೆಸರು ನೋಂದಾಯಿಸಿಕೊಂಡವರಿಗೆ ಅದು ದೊರೆಯುವಂತೆ ಏರ್ಪಡಿಸಿದರು. ಅದು ಉಸಿರಾಡಲು ಸಿಕ್ಕಿದ ವಿರಾಮವೇ ಹೊರತು ಪರಿಹಾರವಲ್ಲ. ೨೦೨೧ರ ಅಕ್ಟೋಬರ್‌ನಲ್ಲಿ ಹೊರಬಿದ್ದ ವಿಂಡೋಸ್ ೧೧ನ್ನು ಹಳೆಯ ಯಂತ್ರಕ್ಕೆ ಹಾಕೋಣವೆಂದರೆ, ಅದಕ್ಕೆ ಟಿಪಿಎಂ ೨.೦ ಎಂಬ ಭದ್ರತಾ ಸಾಧನ ಬೇಕು, ಸಂಸ್ಥೆಯವರ ಪಟ್ಟಿಯಲ್ಲಿರುವ ಪ್ರಾಸೆಸರೂ ಬೇಕು. ಹೆಚ್ಚು ಕಡಮೆ ೨೦೧೭ಕ್ಕೆ ಹಿಂದಿನ ಗಣಕಗಳು ಈ ನಿಯಮಕ್ಕೆ ಹೊರಗಾಗುವುವು. ಕೈಕಾಲು ಗಟ್ಟಿಯಾಗಿರುವ ಯಂತ್ರವು ಹೀಗೆ ಕೆಲಸ ಕಳೆದುಕೊಂಡುದೇ ಈಗಿನ ಚಿಂತೆಗೆ ಕಾರಣ.

ನಾವು ಗಣಕವನ್ನು ಬಳಸತೊಡಗಿ ಮೂವತ್ತು ವರ್ಷಗಳಿಗೂ ಮೇಲಾಯಿತು. ಮೊದಲು ಕಲಿತುದು ಡಾಸ್. ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಬೇಕಾಗಿದ್ದ ಕಾಲವದು. ೧೯೯೫ರ ಆಗಸ್ಟ್ ೨೪ರಂದು ವಿಂಡೋಸ್ ೯೫ ಬಂದು, ಮೂಲೆಯಲ್ಲಿನ 'ಸ್ಟಾರ್ಟ್' ಗುಂಡಿಯಿಂದ ಎಲ್ಲವನ್ನೂ ಆರಂಭಿಸುವ ಕ್ರಮವನ್ನು ತಂದಿತು. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಿತು. ಅದನ್ನು ಹದಿಮೂರು ವರ್ಷ ನೆಚ್ಚಿಕೊಂಡಿದ್ದೆವು. ೨೦೧೪ರ ಏಪ್ರಿಲ್ ೮ರಂದು ಅದರ ಪೋಷಣೆಯೂ ನಿಂತಾಗ ಮನೆಯ ಯಂತ್ರಕ್ಕೆ ಲಿನಕ್ಸನ್ನು ಹಾಕಿದೆವು. ಉದ್ಯೋಗದ ನಿಮಿತ್ತ ಕೆಲವು ವರ್ಷ ಮ್ಯಾಕ್ ಯಂತ್ರವನ್ನೂ ಬಳಸಿದುದುಂಟು. ಹೀಗೆ ನಾಲ್ಕಾರು ಬಾರಿ ಒಕ್ಕಲು ಬದಲಾಯಿಸಿದವರ ಅನುಭವದಲ್ಲಿ ಎರಡು ಬಗೆಯ ಕಷ್ಟಗಳು ಕಂಡುಬಂದುವು. ಒಂದು ಕೈಯ ಕಷ್ಟ, ಇನ್ನೊಂದು ಬರೆಹದ ಕಷ್ಟ.

ಕೈಯ ಕಷ್ಟ ಎಲ್ಲರ ಕಣ್ಣಿಗೂ ಬೀಳುವಂಥದು. ವಿಂಡೋಸಿನಲ್ಲಿ ಕಿಟಕಿಯನ್ನು ಮುಚ್ಚುವ ಗುರುತು ಬಲಗಡೆ, ಮ್ಯಾಕಿನಲ್ಲಿ ಎಡಗಡೆ. ಅಲ್ಲಿ ಕಂಟ್ರೋಲ್ ಕೀಲಿಯನ್ನೊತ್ತಿ ನಕಲು ಮಾಡಿದರೆ, ಇಲ್ಲಿ ಕಮಾಂಡ್ ಕೀಲಿಯನ್ನೊತ್ತಬೇಕು. ವರ್ಷಗಟ್ಟಲೆ ರೂಢಿಯಾದ ಬೆರಳುಗಳು ತಾವಾಗಿಯೇ ಹಳೆಯ ಜಾಗಕ್ಕೆ ಹೋಗುವುವು. ಮೊದಲ ವಾರ ಸಿಟ್ಟು ಬರುವುದು, ಎರಡನೆಯ ವಾರ ಬೇಸರ, ತಿಂಗಳು ಕಳೆಯುವಷ್ಟರಲ್ಲಿ ಮರೆತೇ ಹೋಗುವುದು. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ಈ ಒಂದು ತಿಂಗಳನ್ನು ತಾಳ್ಮೆಯಿಂದ ದಾಟಿಸಬೇಕು. ಅವರು ದಿನವೂ ಒತ್ತುವ ನಾಲ್ಕು ಗುರುತುಗಳನ್ನು ಪರದೆಯ ಮೇಲೆ ಮೊದಲಿದ್ದ ಜಾಗದಲ್ಲಿಯೇ ಇರಿಸಿಕೊಡುವುದು, ಅಕ್ಷರಗಳನ್ನು ದಪ್ಪಮಾಡಿಕೊಡುವುದು, ಕೇಳಿದ್ದನ್ನೇ ಮತ್ತೆ ಕೇಳಿದರೆ ನಗದಿರುವುದು, ಇಷ್ಟು ಕಿರಿಯರ ಕರ್ತವ್ಯ.

ಬರೆಹದ ಕಷ್ಟ ಹಾಗಲ್ಲ. ಅದು ಕಣ್ಣಿಗೆ ಬೀಳುವುದು ತಡವಾಗಿ. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು, ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ, ತಮ್ಮ ತಾಯಿಯವರು ಹೇಳುತ್ತಿದ್ದ ಹಸೆಯ ಹಾಡುಗಳನ್ನೂ, ಮನೆತನದ ವಂಶಾವಳಿಯನ್ನೂ, ಹಬ್ಬದಡುಗೆಗಳ ಅಳತೆಗಳನ್ನೂ ಎರಡು ವರ್ಷ ಕುಳಿತು ಗಣಕದಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪರಸ್ಥಳದಲ್ಲಿರುವ ಅವರ ಮಗಳು ಆ ಕಡತಗಳನ್ನು ಪೆನ್ ಡ್ರೈವಿನಲ್ಲಿ ಕೊಂಡೊಯ್ದು ತನ್ನ ಮ್ಯಾಕ್ ಯಂತ್ರದಲ್ಲಿ ತೆರೆದಳು. ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ನೆತ್ತಿಯ ಮೇಲೆ ಗೀರು ಚುಕ್ಕೆಗಳನ್ನು ಹೊತ್ತ ಐರೋಪ್ಯ ಅಕ್ಷರಗಳು, ಅರ್ಥವಿಲ್ಲದೆ ಸಾಲುಗಟ್ಟಿದ್ದುವು. ಕಡತಗಳು ಕೆಟ್ಟುಹೋದುವೆಂದು ತಿಳಿದು ಆಕೆ ಅವನ್ನು ಅಳಿಸಿಹಾಕುವುದರಲ್ಲಿದ್ದಳು. ಅಷ್ಟರಲ್ಲಿ ನಮಗೆ ಸುದ್ದಿ ತಿಳಿಯಿತು. ನಿಜವಾಗಿ ಅವು ಕೆಟ್ಟಿರಲೇ ಇಲ್ಲ. ಅವರು ಬಳಸಿದ್ದ ಹಳೆಯ ಫಾಂಟು ಆ ಯಂತ್ರದಲ್ಲಿರಲಿಲ್ಲ, ಅಷ್ಟೆ. ಫಾಂಟನ್ನು ಸೇರಿಸಿದೊಡನೆ ಅಜ್ಜಿಯ ಹಾಡುಗಳು ಸಾಲುಸಾಲಾಗಿ ಎದ್ದುಬಂದುವು.

ಇದರ ಒಳಗುಟ್ಟನ್ನು ಪ್ರತಿಯೊಬ್ಬ ಕನ್ನಡ ಗೃಹಸ್ಥನೂ ತಿಳಿದಿರುವುದು ಒಳ್ಳೆಯದು. ಗಣಕವು ಅಕ್ಷರವನ್ನು ಅಕ್ಷರವಾಗಿ ಅರಿಯದು. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿ ಆ ಸಂಖ್ಯೆಗಳನ್ನೇ ಕೂಡಿಡುತ್ತದೆ. ಕನ್ನಡಕ್ಕೆಂದು ಬೇರೆ ಸಂಖ್ಯೆಗಳು ಬಳಕೆಗೆ ಬರುವ ಮೊದಲು ನಮ್ಮವರು ಒಂದು ಉಪಾಯವನ್ನು ಹೂಡಿದ್ದರು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಆ ಅಕ್ಷರಗಳ ಆಕಾರಕ್ಕೆ ಬದಲಾಗಿ ಕನ್ನಡದ ಒಡಲು, ತಲೆಕಟ್ಟು, ಒತ್ತು, ಕೊಂಬುಗಳನ್ನು ಫಾಂಟಿನಲ್ಲಿ ಚಿತ್ರಿಸಿದರು. ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ 'ಕ'ಕಾರದ ಒಡಲು ಕುಳಿತಿರುವುದು ಇಂಗ್ಲಿಷಿನ 'ಪಿ' ಅಕ್ಷರದ ಜಾಗದಲ್ಲಿ. ೧೯೯೮ರಲ್ಲಿ ಹೊರಬಂದ 'ಬರಹ' ತಂತ್ರಾಂಶದ ಹಳೆಯ ಕ್ರಮವೂ ಇದೇ ಜಾತಿಯದು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಸಾವಿರಾರು ಕನ್ನಡಿಗರು ಗಣಕದಲ್ಲಿ ಬರೆಯಲು ಕಲಿತುದು ಅದರಿಂದಲೇ. ಆದರೆ ಫಾಂಟೆಂಬ ವೇಷ ಕಳಚಿದರೆ ಒಳಗಿರುವುದು ಬರಿಯ ಇಂಗ್ಲಿಷ್ ಗುರುತುಗಳೇ. ಹಾಗಾಗಿ ಯಂತ್ರ ಬದಲಾದೊಡನೆ ಕನ್ನಡ ಮಾಯವಾಗುವುದು.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಈ ಕ್ರಮದ ಮೊದಲ ಆವೃತ್ತಿಯು ೧೯೯೧ರಲ್ಲಿ ಪ್ರಕಟವಾಯಿತು. ಕನ್ನಡವೂ ಅದರಲ್ಲಿಯೇ ಸೇರಿತು. ಅದರಂತೆ 'ಅ'ಕಾರಕ್ಕೆ ೩೨೦೫, 'ಕ'ಕಾರಕ್ಕೆ ೩೨೨೧. ಆ ಸಂಖ್ಯೆ ವಿಂಡೋಸಿನಲ್ಲಿಯೂ, ಮ್ಯಾಕಿನಲ್ಲಿಯೂ, ಲಿನಕ್ಸಿನಲ್ಲಿಯೂ, ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೂ ಒಂದೇ. ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಯೂನಿಕೋಡ್ ಫಾಂಟು ಬಂದಿತ್ತಾದರೂ, ಪೇಜ್‌ಮೇಕರಿನಂಥ ಮುದ್ರಣದ ತಂತ್ರಾಂಶಗಳು ಯೂನಿಕೋಡನ್ನು ಅರಿಯದಿದ್ದುದರಿಂದ ಹಳೆಯ ಕ್ರಮವೇ ಬಹುಕಾಲ ಉಳಿಯಿತು. ಮನೆಮನೆಗಳಲ್ಲಿ ಅಂಥ ಕಡತಗಳು ಇಂದಿಗೂ ಇರುವುವು.

ತಮ್ಮ ಕಡತ ಯಾವ ಜಾತಿಯದೆಂದು ತಿಳಿಯಲು ಸುಲಭವಾದ ಪರೀಕ್ಷೆಯುಂಟು. ಅದರ ಒಂದು ಸಾಲನ್ನು ನಕಲು ಮಾಡಿ, ಅಂತರಜಾಲದ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿ ನೋಡತಕ್ಕದ್ದು. ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್, ಭಯವಿಲ್ಲ. ಇಂಗ್ಲಿಷ್ ಗುರುತುಗಳಾದರೆ ಹಳೆಯ ಫಾಂಟಿನದು. ಅಂಥವನ್ನು ವ್ಯವಸ್ಥೆ ಬದಲಾಯಿಸುವ ಮೊದಲೇ, ಹಳೆಯ ಯಂತ್ರದಲ್ಲಿಯೇ, ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲಿ ಅದಕ್ಕೆ ಬೇಕಾದ ಸಾಧನಗಳಿವೆ. ಪರಿವರ್ತನೆಯಾದ ಮೇಲೆ ಒಮ್ಮೆ ಕಣ್ಣಿಟ್ಟು ಓದುವುದು ಅವಶ್ಯ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ನಡುವೆ ಇಂಗ್ಲಿಷಿನಲ್ಲಿಯೇ ಬರೆದ ಹೆಸರು, ವಿಳಾಸಗಳಿದ್ದರೆ ಅವೂ ಕನ್ನಡವೆಂದೆಣಿಸಲ್ಪಟ್ಟು ವಿಕಾರವಾಗುವುವು. ಮೂಲ ಕಡತವನ್ನು ಮಾತ್ರ ಎಂದಿಗೂ ಅಳಿಸತಕ್ಕದ್ದಲ್ಲ. ಹಳೆಯ ಫಾಂಟನ್ನೂ ಅದರ ಪಕ್ಕದಲ್ಲಿಯೇ ಇರಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಯಾವ ವ್ಯವಸ್ಥೆಯೆಂಬ ಪ್ರಶ್ನೆ. ಅಂಗಡಿಯ ಲೆಕ್ಕಕ್ಕೆ ಟ್ಯಾಲಿಯನ್ನು ನೆಚ್ಚಿದವರು, ವಿಂಡೋಸಿನಲ್ಲಿ ಮಾತ್ರ ನಡೆಯುವ ಇತರ ತಂತ್ರಾಂಶಗಳಿಂದ ಜೀವನ ನಡೆಸುವವರು ಹೊಸ ಯಂತ್ರ ಕೊಂಡು ವಿಂಡೋಸಿನಲ್ಲಿಯೇ ಇರುವುದು ಮೇಲು. ಮ್ಯಾಕ್ ಓಎಸ್ ಆಪಲ್ ಸಂಸ್ಥೆಯ ಯಂತ್ರಗಳಿಗೆಂದೇ ಮಾಡಿದುದು. ಆದುದರಿಂದ ಅದನ್ನು ಬಯಸುವವರು ಯಂತ್ರವನ್ನೂ ಕೊಳ್ಳಬೇಕು. ಇರುವ ಯಂತ್ರವನ್ನೇ ಉಳಿಸಿಕೊಳ್ಳಬೇಕೆಂಬ, ಪತ್ರ, ಅಂತರಜಾಲ, ಚಿತ್ರ, ಸಂಗೀತ ಇಷ್ಟೇ ಸಾಕೆಂಬ ಮನೆಗಳಿಗೆ ಲಿನಕ್ಸ್ ತಕ್ಕುದು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ತಿರುಳಿಗೆ, ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಸಾರಿದ ಗ್ನೂ ಯೋಜನೆಯ ತಂತ್ರಾಂಶಗಳೂ ಇತರರ ಕೆಲಸವೂ ಕೂಡಿ ಬೆಳೆದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಉಬುಂಟು, ಲಿನಕ್ಸ್ ಮಿಂಟ್ ಎಂಬ ರೂಪಗಳು ಮನೆಗಳಿಗೆ ಒಗ್ಗುವಂಥವು. ಅವುಗಳಲ್ಲಿ ಮಿಂಟ್‌ನ ಏರ್ಪಾಡು ವಿಂಡೋಸನ್ನು ಬಳಸಿದ ಕೈಗೆ ಬೇಗ ಹಿಡಿಯುವುದು. ಅದು ನಾಲ್ಕು ಗಿಗಾಬೈಟ್ ಸ್ಮರಣೆಯ ಯಂತ್ರದಲ್ಲಿಯೂ ನಡೆಯುವುದು. ನುಡಿಯ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿಯೂ ದೊರೆಯುವುದರಿಂದ ಕನ್ನಡದ ಬೆರಳಚ್ಚನ್ನು ಹೊಸದಾಗಿ ಕಲಿಯಬೇಕಾಗಿಲ್ಲ.

ಲಿನಕ್ಸಿನಲ್ಲಿ ಇನ್ನೊಂದು ಅನುಕೂಲವುಂಟು. ಅದನ್ನು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು. ಹಾರ್ಡ್ ಡಿಸ್ಕಿನಲ್ಲಿ ಹೂಡುವ ಆಜ್ಞೆ ಕೊಡುವವರೆಗೆ ಹಳೆಯ ವಿಂಡೋಸು ಇದ್ದಂತೆಯೇ ಇರುವುದು. ಹೀಗೆ ನೋಡುವಾಗ ಪ್ರಿಂಟರ್ ಅಚ್ಚು ಹಾಕುವುದೆ, ಧ್ವನಿ ಕೇಳಿಸುವುದೆ, ವೈಫೈ ಹಿಡಿಯುವುದೆ, ಬ್ಯಾಂಕಿನ ಪುಟ ತೆರೆಯುವುದೆ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ವ್ಯವಸ್ಥೆಯನ್ನು ಹೂಡುವ ಮುನ್ನ ಮನೆಯ ಕಡತಗಳೆಲ್ಲವನ್ನೂ ಎರಡು ಪ್ರತ್ಯೇಕ ಡಿಸ್ಕುಗಳಿಗೆ ನಕಲು ಮಾಡಿ, ನಕಲುಗಳು ತೆರೆಯುವುವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ವಿಂಡೋಸಿನ ಡಿಸ್ಕುಗಳು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಕ್ರಮದವು. ಅವನ್ನು ಮ್ಯಾಕ್ ಓದಬಲ್ಲುದೇ ಹೊರತು ತಾನಾಗಿ ಅವುಗಳಲ್ಲಿ ಬರೆಯಲಾರದು. ಖಾಲಿ ಡಿಸ್ಕೊಂದನ್ನು ಎಕ್ಸ್‌ಫ್ಯಾಟ್ ಕ್ರಮದಲ್ಲಿ ಸಿದ್ಧಪಡಿಸಿಕೊಂಡರೆ ಮೂರು ವ್ಯವಸ್ಥೆಗಳಿಗೂ ಸರಿಹೋಗುವುದು.

ಕಡತದ ರೂಪದ ವಿಷಯವಾಗಿಯೂ ಒಂದು ಮಾತು. ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಓಡಿಎಫ್, ೨೦೦೮ರಲ್ಲಿ ಮಾನಕವಾದ ಪಿಡಿಎಫ್, ಇವುಗಳ ನಿಯಮಗಳು ಬಹಿರಂಗವಾಗಿರುವುದರಿಂದ ಯಾರು ಬೇಕಾದರೂ ಅವನ್ನು ತೆರೆಯುವ ತಂತ್ರಾಂಶವನ್ನು ಬರೆಯಬಹುದು. ಮೂರು ವ್ಯವಸ್ಥೆಗಳಲ್ಲಿಯೂ ನಡೆಯುವ ಲಿಬ್ರೆ ಆಫೀಸ್ ತಂತ್ರಾಂಶ ಇವೆರಡರಲ್ಲಿಯೂ ಬರೆಹವನ್ನು ಉಳಿಸಬಲ್ಲುದು. ತಿದ್ದಬೇಕಾದುದನ್ನು ಓಡಿಎಫ್ ರೂಪದಲ್ಲಿ, ಹಾಗೆಯೇ ಇರಬೇಕಾದುದನ್ನು ಪಿಡಿಎಫ್ ರೂಪದಲ್ಲಿ ಇಡುವುದು ಲೇಸು. ವಂಶಾವಳಿಯಂಥವನ್ನು ಕಾಗದದ ಮೇಲೂ ಒಂದು ಪ್ರತಿ ಅಚ್ಚು ಹಾಕಿಸಿಟ್ಟರೆ ಇನ್ನೂ ಲೇಸು. ಕಾಗದವನ್ನು ಓದಲು ಯಾವ ವ್ಯವಸ್ಥೆಯೂ ಬೇಡ.

ವಿಂಡೋಸ್ ೧೧ಕ್ಕೂ ಒಂದು ದಿನ ಅವಧಿ ತೀರುವುದು. ಇಂದು ಹಾಕಿಸಿದ ಲಿನಕ್ಸಿನ ಆವೃತ್ತಿಗೂ ತೀರುವುದು. ವ್ಯವಸ್ಥೆ ನಾವು ಒಕ್ಕಲಿರುವ ಮನೆ, ಬರೆಹ ನಮ್ಮ ಒಡವೆ. ಮನೆಯನ್ನು ಎಷ್ಟು ಸಲ ಬದಲಾಯಿಸಿದರೂ ಒಡವೆ ಕೈಬಿಡದಂತೆ ನೋಡಿಕೊಂಡವನಿಗೆ ಯಾವ ಸಂಸ್ಥೆಯ ಯಾವ ಗಡುವೂ ದಿಗಿಲು ಹುಟ್ಟಿಸದು. ಬರುವ ಭಾನುವಾರ ಅರ್ಧ ಘಂಟೆ ಬಿಡುವು ಮಾಡಿಕೊಂಡು, ಮನೆಯ ಹಿರಿಯರು ಬರೆದಿಟ್ಟ ಹಳೆಯ ಕಡತವೊಂದನ್ನು ತೆರೆದು ಮೇಲೆ ಹೇಳಿದ ಪರೀಕ್ಷೆಯನ್ನು ಮಾಡಿ ನೋಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ಪರಿವರ್ತನೆ ಬೇಕಾದರೆ, ಬರೆದವರು ನಮ್ಮೊಡನಿರುವಾಗಲೇ ಅದು ಆಗಲಿ. ಸಂದೇಹ ಬಂದ ಒಂದು ಹೆಸರನ್ನು, ಹಾಡಿನ ಒಂದು ಸಾಲನ್ನು ಅವರನ್ನೇ ಕೇಳಿ ತಿದ್ದಿಕೊಳ್ಳಬಹುದು.