ತಾಯಿಯ ವರ್ಷಸಂಕಲ್ಪ: ಕಾಲು ಭಾಗದಿಂದ ಆರಂಭವಾಗಲಿ

ಚೈತ್ರ ಶುದ್ಧ ಪಾಡ್ಯದಂದು ಬೇವು-ಬೆಲ್ಲ ಸ್ವೀಕರಿಸಿ ಹೊಸ ಸಂವತ್ಸರವನ್ನು ಬರಮಾಡಿಕೊಳ್ಳುವಾಗ ಏನಾದರೊಂದು ಸಂಕಲ್ಪ ಮಾಡುವವರು ನಮ್ಮಲ್ಲಿ ಅನೇಕರು. ಜನವರಿ ಒಂದರಂದು ಸಂಕಲ್ಪ ಮಾಡುವವರೂ ಈಗ ಕಡಿಮೆಯೇನಿಲ್ಲ. ದಿನ ಯಾವುದೇ ಇರಲಿ, ಚಿಕಿತ್ಸೆಗೆಂದು ಬರುವ ತಾಯಂದಿರು ಹೇಳಿಕೊಳ್ಳುವ ಸಂಕಲ್ಪಗಳ ಸ್ವರೂಪ ಮಾತ್ರ ಬಹುಮಟ್ಟಿಗೆ ಒಂದೇ. ನಾಳೆಯಿಂದ ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು, ಒಂದು ಗಂಟೆ ಯೋಗಾಸನ ಮಾಡುವುದು, ರಾತ್ರಿಯ ಊಟ ಬಿಡುವುದು, ಟೀಯನ್ನು ಮುಟ್ಟದಿರುವುದು, ಮಕ್ಕಳ ಮೇಲೆ ಸಿಡುಕದಿರುವುದು. ಹದಿನೈದು ದಿನ ಕಳೆಯುವಷ್ಟರಲ್ಲಿ ಇವುಗಳಲ್ಲಿ ಬಹುಪಾಲು ಮುರಿದುಬಿದ್ದಿರುತ್ತವೆ. ಸಂಕಲ್ಪ ಮುರಿದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವುದು 'ನನ್ನಿಂದ ಏನೂ ಆಗದು' ಎಂದು ಆ ಬಳಿಕ ಮನಸ್ಸಿನಲ್ಲಿ ಉಳಿದುಬಿಡುವ ಕೊರಗು.

ಇದನ್ನು ತಾಯಿಯ ಮನೋದೌರ್ಬಲ್ಯವೆಂದು ನಾನು ಒಪ್ಪಲಾರೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಅದು ಹೊರಚೆಲ್ಲುವುದು ಕೊಡದ ದೋಷವಲ್ಲ. ನಮ್ಮ ಅಂತರಸಂತೆಯ ಸುತ್ತಲಿನ ಯಾವುದೇ ಗ್ರಾಮದ ತಾಯಿಯ ದಿನಚರಿಯನ್ನು ಗಮನಿಸಿರಿ. ಕೊಟ್ಟಿಗೆಯ ಕಸ, ಹಾಲು ಕರೆಯುವುದು, ಅಡುಗೆ, ಮಕ್ಕಳ ಬುತ್ತಿ, ಅವರು ಬಸ್ಸು ಹತ್ತಿದ ಮೇಲೆ ಹತ್ತಿಯ ಹೊಲ ಅಥವಾ ಕೂಲಿ, ಸಂಜೆ ಮೇವಿನ ಹೊರೆ, ಮತ್ತೆ ಒಲೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಕಾಲ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಸಂಬಳವಿಲ್ಲದ ಈ ದುಡಿಮೆಗೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಾರೆ. ಮನೆಗೆಲಸ ಮಾಡುವ ಪುರುಷರು 97 ನಿಮಿಷ. ಅಂಥ ಪುರುಷರ ಪ್ರಮಾಣವಾದರೂ ಸುಮಾರು ಕಾಲು ಭಾಗ ಮಾತ್ರ. ಇಷ್ಟು ತುಂಬಿದ ದಿನದೊಳಗೆ ಇನ್ನೊಂದು ಗಂಟೆಯ ಹೊಸ ಕರ್ತವ್ಯವನ್ನು ತುರುಕಿದರೆ ಆ ಗಂಟೆ ಬರುವುದು ಆಕೆಯ ನಿದ್ರೆಯಿಂದಲೇ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಬಿಡುವಿಲ್ಲದ ತಾಯಿಯ ವರ್ಷಸಂಕಲ್ಪವು ಹೊಸದೊಂದನ್ನು ಹೇರಿಕೊಳ್ಳುವುದಾಗಿರದೆ, ಶರೀರವು ಕೇಳುತ್ತಿರುವುದನ್ನು ಅದಕ್ಕೆ ನಿರಾಕರಿಸದಿರುವುದಾಗಿರಬೇಕು. ಅದೂ ಒಮ್ಮೆಗೇ ಅಲ್ಲ, ಸ್ವಲ್ಪ ಸ್ವಲ್ಪವಾಗಿ.

ಈ ಎರಡೂ ಮಾತುಗಳಿಗೆ ಆಧಾರ ಆಯುರ್ವೇದದ ಒಂದೇ ಅಧ್ಯಾಯದಲ್ಲಿದೆ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಯಬಾರದ 13 ಸ್ವಾಭಾವಿಕ ವೇಗಗಳನ್ನು ಹೇಳುತ್ತದೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು, ಶ್ರಮದ ಬಳಿಕ ಬರುವ ಏದುಸಿರು ಮುಂತಾದವು ಅದರಲ್ಲಿವೆ. ಮೂತ್ರವನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಮೂತ್ರವಿಸರ್ಜನೆಯಲ್ಲಿ ಕಷ್ಟ, ತಲೆನೋವು. ಹಸಿವನ್ನು ತಡೆದರೆ ಮೈ ಸೊರಗುವುದು, ನಿಶ್ಶಕ್ತಿ, ಮೈಕೈನೋವು, ಅರುಚಿ, ತಲೆಸುತ್ತು. ನಿದ್ರೆಯನ್ನು ತಡೆದರೆ ಆಕಳಿಕೆ, ಜಡತೆ, ಕಣ್ಣುಗಳ ಭಾರ. ಈ ಪಟ್ಟಿಯನ್ನು ಓದುವಾಗಲೆಲ್ಲ ಪ್ರತಿದಿನ ನನ್ನ ಮುಂದೆ ಕುಳಿತು ತಾಯಂದಿರು ಹೇಳುವ ತೊಂದರೆಗಳನ್ನೇ ಯಾರೋ ಬರೆದಿಟ್ಟಂತೆ ಭಾಸವಾಗುತ್ತದೆ. ಹೊಲದಲ್ಲಿ ಮರೆಯಿಲ್ಲವೆಂದು ಬೆಳಗಿನಿಂದ ನೀರನ್ನೇ ಕುಡಿಯದವರು, ಎಲ್ಲರಿಗೂ ಬಡಿಸಿ ಮುಗಿಯುವವರೆಗೆ ಒಂದು ಲೋಟ ಟೀಯಲ್ಲಿ ಹಸಿವನ್ನು ಕಟ್ಟಿಹಾಕುವವರು, ಅಳುವುದಕ್ಕೂ ಏಕಾಂತವಿಲ್ಲದವರು ಎಷ್ಟೋ ಮಂದಿ.

ಅದೇ ಅಧ್ಯಾಯವು ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಕ್ರೋಧ, ಲೋಭ, ಅಸೂಯೆ, ಕಠೋರವಾದ ಮಾತು ಅಂಥವು. ಮಕ್ಕಳ ಮೇಲೆ ಸಿಡುಕುವುದಿಲ್ಲವೆಂಬ ಸಂಕಲ್ಪ ಈ ಗುಂಪಿಗೆ ಸೇರಿದ್ದು, ಒಳ್ಳೆಯದೇ. ಆದರೆ ಹಸಿದ, ನಿದ್ರೆಗೆಟ್ಟ ದೇಹದಿಂದ ಶಾಂತಚಿತ್ತವನ್ನು ಅಪೇಕ್ಷಿಸುವುದು ಎಣ್ಣೆ ಹೊಯ್ಯದೆ ದೀಪ ಉರಿಯಲೆಂದು ಬಯಸಿದಂತೆ. ಮೊದಲು ಊಟ ಮತ್ತು ನಿದ್ರೆ ಸರಿಹೋಗಲಿ. ಸಿಟ್ಟಿನಲ್ಲಿ ಸಾಕಷ್ಟು ಪಾಲು ತಾನಾಗಿ ಇಳಿಯುವುದನ್ನು ನಾನು ಕಂಡಿದ್ದೇನೆ.

ಇನ್ನು ಕ್ರಮದ ವಿಚಾರ. ರೂಢಿಯಾಗಿರುವ ಅಹಿತವನ್ನು ಹಠಾತ್ತಾಗಿ ಬಿಡಬಾರದು, ಹಿತವಾದುದನ್ನೂ ಹಠಾತ್ತಾಗಿ ಹಿಡಿಯಬಾರದು ಎಂಬುದು ಆಚಾರ್ಯರ ಮತ. ಕಾಲು ಭಾಗ ಬಿಟ್ಟು, ಆ ಜಾಗದಲ್ಲಿ ಕಾಲು ಭಾಗ ಹಿತವಾದುದನ್ನು ಸೇರಿಸಬೇಕು. ನಡುವೆ ಒಂದು ದಿನ, ಎರಡು ದಿನ, ಮೂರು ದಿನಗಳ ಅಂತರವಿಟ್ಟು ಮುಂದಿನ ಹೆಜ್ಜೆ ಇಡಬೇಕು. ಹೀಗೆ ಮೆಲ್ಲನೆ ಬಿಟ್ಟ ದೋಷ ಮತ್ತೆ ತಲೆಯೆತ್ತದು, ಮೆಲ್ಲನೆ ಪಡೆದ ಗುಣ ಕದಲದು. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಗೃಹಕೃತ್ಯದ ನಡುವೆ ಇರುವವರಿಗೆ ಇದಕ್ಕಿಂತ ಸೂಕ್ತವಾದ ದಾರಿಯನ್ನು ನಾನರಿಯೆ. ಮನೆಯ ನಿತ್ಯದ ಅನುಕೂಲಕ್ಕೆ ತಕ್ಕಂತೆ ಅಂತರವನ್ನು ಒಂದು ವಾರಕ್ಕೆ ಹಿಗ್ಗಿಸಿಕೊಂಡರೂ ಬಾಧಕವಿಲ್ಲ.

ಉದಾಹರಣೆಗೆ, ದಿನಕ್ಕೆ ನಾಲ್ಕು ಲೋಟ ಟೀ ಕುಡಿಯುವವರು ಮೊದಲ ವಾರ ಒಂದು ಲೋಟವನ್ನಷ್ಟೇ ಬಿಡಲಿ. ಆ ಹೊತ್ತಿಗೆ ಮಜ್ಜಿಗೆಯನ್ನೋ ರಾಗಿ ಅಂಬಲಿಯನ್ನೋ ಕುಡಿಯಲಿ. ಊಟದ ಬೆನ್ನಿಗೇ ಕುಡಿಯುವ ಟೀ ಮೊದಲು ಹೋಗಲಿ, ಏಕೆಂದರೆ ಅದು ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ತಡೆಯುತ್ತದೆ. ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿಕೊಂಡರೆ ಅದೇ ಅಂಶ ಚೆನ್ನಾಗಿ ಹತ್ತುತ್ತದೆ. ರಾತ್ರಿ ಹನ್ನೊಂದಕ್ಕೆ ಮಲಗುವವರು ಹತ್ತಕ್ಕೆ ಮಲಗಬೇಕೆಂದು ಒಮ್ಮೆಗೇ ಹಟ ಹಿಡಿಯಬಾರದು. ಮೊದಲು ಹದಿನೈದು ನಿಮಿಷ ಮುಂಚೆ ಮಲಗಲಿ, ಅದು ಒಗ್ಗಿದ ಮೇಲೆ ಇನ್ನು ಹದಿನೈದು ನಿಮಿಷ. ಒಂದೆರಡು ತಿಂಗಳಲ್ಲಿ ಒಂದು ಗಂಟೆ ತಾನಾಗಿ ದೊರೆಯುವುದು. ದಿನವಿಡೀ ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಬೆಳಗಿನ ಜಾವದ ವ್ಯಾಯಾಮ ಅನಿವಾರ್ಯವಲ್ಲ. ಬಲವಂತರಿಗೂ ಅರ್ಧ ಶಕ್ತಿಯಷ್ಟೇ ವ್ಯಾಯಾಮ ಸಾಕೆಂದು ವಾಗ್ಭಟರು ಹೇಳಿದ್ದಾರೆ. ಕುಳಿತು ಕೆಲಸ ಮಾಡುವ ಉದ್ಯೋಗಸ್ಥ ತಾಯಂದಿರು ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಬಹುದು.

ಸಂಕಲ್ಪಕ್ಕೂ ಋತುವುಂಟು ಎಂಬುದನ್ನು ಮರೆಯಬಾರದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಮಳೆಗಾಲದಲ್ಲಿ ಹೊಗೆಸೊಪ್ಪು ಕೊಯ್ದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಹಗಲಿರುಳು ಉರಿ ನೋಡಿಕೊಳ್ಳುವ ತಿಂಗಳುಗಳು ಬರುತ್ತವೆ. ಆಗ ಉಗಾದಿಯ ಎಲ್ಲ ನಿಯಮಗಳೂ ನಡೆಯಬೇಕೆಂದರೆ ನಡೆಯವು. ಆ ದಿನಗಳಲ್ಲಿ ಹೊತ್ತಿಗೆ ಊಟ, ಸಾಕಷ್ಟು ನೀರು ಇವೆರಡನ್ನು ಮಾತ್ರ ಹಿಡಿದುಕೊಂಡು ಉಳಿದುದನ್ನು ಕೆಲಸ ಇಳಿಯುವವರೆಗೆ ಬದಿಗಿಡಿರಿ. ಬದಿಗಿಟ್ಟದ್ದು ಮುರಿದದ್ದಲ್ಲ, ಬೆಳೆಗೆ ಬಿಡುವು ಕೊಟ್ಟ ಹೊಲ ಬಂಜರಾಗುವುದಿಲ್ಲವಷ್ಟೆ.

ಇಲ್ಲಿ ಸದ್ಭಕ್ತರಾದ ಕೆಲವರು ಒಂದು ಪ್ರಶ್ನೆ ಎತ್ತುವುದುಂಟು. ಎಲ್ಲರಿಗೂ ಉಣಬಡಿಸಿ ಕೊನೆಯಲ್ಲಿ ಉಣ್ಣುವುದಲ್ಲವೆ ದಾಸೋಹಭಾವ, ತನ್ನ ಹಸಿವನ್ನು ಮುಂದೆಮಾಡುವುದು ಸ್ವಾರ್ಥವಲ್ಲವೆ ಎಂದು. ಉಣಿಸುವ ಕೈಗಳು ನಡುಗುವಂತಾದರೆ ಆ ದಾಸೋಹ ಎಷ್ಟು ದಿನ ನಡೆದೀತು? ತಾಯಿಯ ಉಪವಾಸವನ್ನು ಹೊಗಳುವುದು ಸುಲಭ. ಹೊಗಳುವವರಿಗೆ ಅದರಿಂದ ಖರ್ಚೇನಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಮುದ್ದೆ ತೊಳಸುವವಳ ತಟ್ಟೆಯಲ್ಲಿ ಕೊನೆಗೆ ಉಳಿಯುವುದು ತಳದ ಸಾರು ಮಾತ್ರವಾದರೆ ಈ ಸಂಖ್ಯೆ ಇಳಿಯುವುದಾದರೂ ಹೇಗೆ?

ಆದುದರಿಂದ ಈ ಸಂಕಲ್ಪವು ತಾಯಿ ಒಬ್ಬಳದೇ ಆಗಲಾರದು. ಆಕೆ ಬೇಗ ಮಲಗಬೇಕಾದರೆ ರಾತ್ರಿಯ ಪಾತ್ರೆಗಳನ್ನು ಇನ್ನೊಬ್ಬರು ತೊಳೆಯಬೇಕು. ಆಕೆ ಹೊತ್ತಿಗೆ ಉಣ್ಣಬೇಕಾದರೆ ಎಲ್ಲರೂ ಒಟ್ಟಿಗೆ ಕುಳಿತು ಬಡಿಸಿಕೊಳ್ಳಬೇಕು. ಇಲ್ಲಿಯೂ ಕಾಲು ಭಾಗದ ಲೆಕ್ಕವೇ ಇರಲಿ: ಮನೆಯ ಯಜಮಾನರು, ಅತ್ತೆ, ಬೆಳೆದ ಗಂಡುಮಕ್ಕಳು ಆಕೆಯ ದಿನದ ಕೆಲಸದಲ್ಲಿ ಕಾಲು ಪಾಲನ್ನು ತಮ್ಮದಾಗಿಸಿಕೊಂಡರೆ ಸಾಕು, ಆಕೆಯ ಸಂಕಲ್ಪ ನಿಲ್ಲುತ್ತದೆ.

ಕಡೆಯದಾಗಿ ವೈದ್ಯನಾಗಿ ಒಂದು ಎಚ್ಚರಿಕೆ. ಮೆಟ್ಟಿಲೇರುವಾಗ ಏದುಸಿರು, ಎದೆಬಡಿತ, ಮುಟ್ಟಿನಲ್ಲಿ ಅತಿಯಾದ ಸ್ರಾವ, ಜ್ವರದೊಡನೆ ಉರಿಮೂತ್ರ ಇವು ಸಂಕಲ್ಪದಿಂದ ಗುಣವಾಗುವಂಥವಲ್ಲ. ತಡಮಾಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ಗರ್ಭಿಣಿಯಲ್ಲದ ಸ್ತ್ರೀಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಆಯುರ್ವೇದದ ಹೆಸರಿನಲ್ಲಿಯೂ ಅರ್ಧಕ್ಕೆ ನಿಲ್ಲಿಸಬೇಡಿರಿ.

ಈ ಉಗಾದಿಗೆ ಪ್ರತಿಯೊಬ್ಬ ತಾಯಿಯೂ ಒಂದೇ ಒಂದನ್ನು ಆರಿಸಿಕೊಳ್ಳಲಿ: ಬೆಳಗಿನ ಊಟವೋ, ಒಂದು ತಂಬಿಗೆ ನೀರೋ, ಹದಿನೈದು ನಿಮಿಷದ ನಿದ್ರೆಯೋ. ಅದನ್ನು ಮನೆಯವರೆಲ್ಲರ ಎದುರು ಹೇಳಲಿ. ಕೇಳಿದವರು ಅದಕ್ಕೆ ತಮ್ಮಿಂದ ಏನಾಗಬೇಕೆಂದು ಅಂದೇ ವಿಚಾರಿಸಲಿ.